ಭಾಗ ಮತ್ತು ಶೇಕಡಾ ಲೆಕ್ಕಗಳ ಪೂರ್ವೇತಿಹಾಸ

೧

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳು ತುಂಗಾ ಭದ್ರಾ ನದಿಗಳ ಮೇಲ್ಗಣಿವೆಗಳಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ಅಡಕೆ, ಬತ್ತ, ಕಾಫಿಗಳ ಸೀಮೆ. ಇಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಎಂಟನೆಯ ತರಗತಿಯನ್ನು ಓದುವ ಬಡಮಕ್ಕಳ ಪಾಲಿಗೆ ಒಂದು ಪರೀಕ್ಷೆಯು ಬಹು ಮುಖ್ಯವಾಗಿದೆ. ಕೇಂದ್ರ ಸರ್ಕಾರದವರು ೨೦೦೮ರಲ್ಲಿ ಆರಂಭಿಸಿದ, ಎನ್.ಎಂ.ಎಂ.ಎಸ್. ಎಂಬ ಹೆಸರಿನಿಂದ ಪ್ರಸಿದ್ಧವಾದ ವಿದ್ಯಾರ್ಥಿವೇತನದ ಪರೀಕ್ಷೆಯೇ ಅದು. ಅದರಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷಗಳ ಕಾಲ ವೇತನವು ದೊರೆಯುತ್ತದೆ. ೨೦೧೭ರಿಂದ ಅದರ ಮೊತ್ತವು ವರ್ಷಕ್ಕೆ ೧೨,೦೦೦ ರೂಪಾಯಿ. ತೋಟದ ಕೂಲಿಯನ್ನೇ ನಂಬಿದ ಮನೆಗೆ ಈ ೪೮,೦೦೦ ರೂಪಾಯಿಯು ಮಗುವನ್ನು ಶಾಲೆಯಲ್ಲಿ ಉಳಿಸತಕ್ಕ ಮೊತ್ತವೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಈ ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯಕ್ಕೆ ೯೦, ಪಠ್ಯವಿಷಯಗಳಿಗೆ ೯೦, ಅಂತು ೧೮೦ ಪ್ರಶ್ನೆಗಳಿರುತ್ತವೆ. ಪ್ರತಿಯೊಂದು ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟು, ಸರಿಯಾದ ಒಂದನ್ನು ಗುರುತಿಸಬೇಕೆಂದು ವಿಧಿಸಿದೆ. ಗಣಿತದ ಭಾಗದಲ್ಲಿ ಭಿನ್ನರಾಶಿ, ಶೇಕಡಾ, ಲಾಭನಷ್ಟ, ಬಡ್ಡಿ ಇವುಗಳನ್ನು ಕುರಿತ ವಾಕ್ಯರೂಪವಾದ ಲೆಕ್ಕಗಳು ಬರುತ್ತವೆ. ಇಂತಹ ಲೆಕ್ಕಗಳಲ್ಲಿ ಮಕ್ಕಳು ತಪ್ಪುವುದು ಗುಣಾಕಾರ ಭಾಗಾಹಾರಗಳಲ್ಲಿಯೇ ಅಲ್ಲ. ಹೇಳಿದ ಭಾಗವು ಯಾವುದರ ಭಾಗ, ಹೇಳಿದ ನೂರು ಯಾವುದರ ನೂರು ಎಂಬುದನ್ನು ನಿಶ್ಚಯಿಸುವುದರಲ್ಲಿಯೇ ಅನೇಕ ವೇಳೆ ತಪ್ಪು ಸಂಭವಿಸುತ್ತದೆ. ಅಂತಹ ತಪ್ಪಿನಿಂದ ಬರುವ ಸಂಖ್ಯೆಯೂ ನಾಲ್ಕು ಉತ್ತರಗಳಲ್ಲಿ ಒಂದಾಗಿ ಕುಳಿತಿರುವುದರಿಂದ ಮಗುವಿಗೆ ತನ್ನ ತಪ್ಪು ತೋರುವುದೂ ಇಲ್ಲ.

ನೆಲೆಯನ್ನು ನಿಶ್ಚಯಿಸುವ ಈ ಪ್ರಶ್ನೆಯು ಹೊಸದಲ್ಲ. ಕನ್ನಡನಾಡಿನ ಗಣಿತಗ್ರಂಥಗಳೂ, ವ್ಯಾಕರಣ ಧರ್ಮಶಾಸ್ತ್ರಗಳೂ, ರಾಜರ ಕಂದಾಯದ ಕಟ್ಟುಗಳೂ ಇದನ್ನೇ ಮೊದಲ ಪ್ರಶ್ನೆಯಾಗಿ ಇಟ್ಟುಕೊಂಡಿದ್ದವೆಂಬುದನ್ನು ಪ್ರಕೃತ ಲೇಖನದಲ್ಲಿ ನಿರೂಪಿಸಲಾಗುವುದು.

೨

ಮೊದಲು ಈ ಸೀಮೆಯನ್ನೇ ತೆಗೆದುಕೊಳ್ಳಬಹುದು. ಶೃಂಗೇರಿಯಲ್ಲಿ ಕ್ರಿ. ಶ. ೧೩೪೬ರಲ್ಲಿ ಹರಿಹರರಾಯನು ತನ್ನ ಸಹೋದರರೊಡನೆ ವಿಜಯೋತ್ಸವವನ್ನು ಆಚರಿಸಿ, ಭಾರತೀತೀರ್ಥ ಶ್ರೀಪಾದರಿಗೂ ಅವರ ಶಿಷ್ಯರಿಗೂ ಅಲ್ಲಿ ವಾಸಿಸುತ್ತಿದ್ದ ನಲವತ್ತು ಮಂದಿ ಬ್ರಾಹ್ಮಣರಿಗೂ ಭೂಮಿಯನ್ನು ದಾನಮಾಡಿದನೆಂದು ಶಾಸನದಿಂದ ತಿಳಿಯಬರುತ್ತದೆ. ಅಗ್ರಹಾರದ ಭೂಮಿಯನ್ನು ವೃತ್ತಿಗಳಾಗಿ ಹಂಚುವುದು ಆ ಕಾಲದ ಸಂಪ್ರದಾಯ. ಹಂಚಿಕೆಯೆಂದರೆ ಭಿನ್ನರಾಶಿಯೇ. ಆದರೆ ಇಲ್ಲಿ ಛೇದವು ಪಡೆಯುವವರ ಸಂಖ್ಯೆಯನ್ನು ಅನುಸರಿಸುತ್ತದೆ. ನಲವತ್ತು ಜನರಿಗೆ ಸಮವಾಗಿ ಹಂಚಿದರೆ ನಲವತ್ತರಲ್ಲೊಂದು, ಮೂವರಿಗೆ ಹಂಚಿದರೆ ಮೂರರಲ್ಲೊಂದು. ನೂರಕ್ಕೆ ಎಷ್ಟು ಎಂಬ ಮಾತಿಗೆ ಇಲ್ಲಿ ಅವಕಾಶವೇ ಇಲ್ಲ.

ಮುಂದೆ ಈ ಪ್ರದೇಶದ ಬಹುಭಾಗವು ಕೆಳದಿಯ ಅರಸರ ಆಳ್ವಿಕೆಗೆ ಬಂದಿತು. ೧೬೪೫ರಿಂದ ೧೬೬೦ರವರೆಗೆ ಆಳಿದ ಶಿವಪ್ಪನಾಯಕನ ಶಿಸ್ತು ಇಂದಿಗೂ ಮಲೆನಾಡಿನಲ್ಲಿ ಜನರ ಬಾಯಲ್ಲಿದೆ. ಅವನು ಭೂಮಿಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿಗಳಾಗಿ ವಿಂಗಡಿಸಿದನು. ಹಳ್ಳಿಹಳ್ಳಿಗಳಲ್ಲಿ ಒಂದೊಂದು ತರಗತಿಯ ಭೂಮಿಯನ್ನು ಹನ್ನೆರಡು ವರ್ಷಗಳ ಕಾಲ ತನ್ನ ವೆಚ್ಚದಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತನೆ, ಖರ್ಚು, ಉತ್ಪತ್ತಿಗಳ ಲೆಕ್ಕವನ್ನು ಇರಿಸಿ, ಸರಾಸರಿಯನ್ನು ತೆಗೆದು, ಒಟ್ಟು ಉತ್ಪತ್ತಿಯಲ್ಲಿ ಮೂರರಲ್ಲೊಂದು ಪಾಲನ್ನು ಅರಮನೆಗೆ ನಿಗದಿಮಾಡಿದನೆಂದು ಮೈಸೂರು ಗೆಜೆಟಿಯರಿನಲ್ಲಿ ಹೇಳಿದೆ.

ಇಲ್ಲಿ ಗಮನಿಸತಕ್ಕ ಶಬ್ದವು ‘ಮೂರರಲ್ಲೊಂದು’ ಎಂಬುದಲ್ಲ, ‘ಒಟ್ಟು ಉತ್ಪತ್ತಿ’ ಎಂಬುದು. ಒಬ್ಬ ಒಕ್ಕಲಿಗನ ಗದ್ದೆಯಲ್ಲಿ ೯೦ ಖಂಡುಗ ಬೆಳೆದು, ಸಾಗುವಳಿಯ ಖರ್ಚಿಗೆ ೩೦ ಖಂಡುಗ ಹೋಯಿತೆಂದು ಭಾವಿಸೋಣ. ಒಟ್ಟಿನ ಮೂರರಲ್ಲೊಂದಾದರೆ ಅರಮನೆಗೆ ೩೦ ಖಂಡುಗ ಸಂದು ರೈತನಿಗೆ ೩೦ ಉಳಿಯುತ್ತದೆ. ಖರ್ಚು ಕಳೆದು ಉಳಿದುದರ ಮೂರರಲ್ಲೊಂದಾದರೆ ಅರಮನೆಗೆ ೨೦ ಸಂದು ರೈತನಿಗೆ ೪೦ ಉಳಿಯುತ್ತದೆ. ಭಾಗದ ಹೆಸರು ಒಂದೇ, ಭಾಗವನ್ನು ತೆಗೆಯುವ ನೆಲೆ ಬೇರೆ. ಅಷ್ಟರಿಂದಲೇ ಒಂದು ಕುಟುಂಬದ ಊಟಕ್ಕೆ ಹತ್ತು ಖಂಡುಗ ಬತ್ತದ ವ್ಯತ್ಯಾಸವುಂಟಾಗುತ್ತದೆ. ಲೆಕ್ಕದಲ್ಲಿ ನೆಲೆಯನ್ನು ಕೇಳುವುದು ಕೇವಲ ಪಂಡಿತರ ಚರ್ಚೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಾಗಿಲ್ಲ.

ಅಡಕೆತೋಟಗಳಿಗೆ ಶಿವಪ್ಪನಾಯಕನು ಬೇರೊಂದು ಕ್ರಮವನ್ನು ಇಟ್ಟನು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲನ್ನು ಪ್ರಮಾಣವಾಗಿಟ್ಟು, ಇಂಗ್ಲಿಷ್ ಅಳತೆಯಲ್ಲಿ ೧೮ ಅಡಿ ೬ ಅಂಗುಲವಾಗುವ ಒಂದು ಕೋಲಿನಿಂದ ತೋಟಗಳನ್ನು ಅಳೆಯಿಸಿದನು. ಆ ಕೋಲಿನ ಚೌಕವು ಒಂದು ಮರಕ್ಕೆ ತಕ್ಕ ಸ್ಥಳವೆಂದು ಎಣಿಸಿ, ಅಂತಹ ಸಾವಿರ ಸ್ಥಳಗಳಿಗೆ ಇಷ್ಟು ಎಂದು ತೆರಿಗೆಯನ್ನು ಕಟ್ಟಿದನು. ಬತ್ತಕ್ಕೆ ಮೂರರ ನೆಲೆ, ತೋಟಕ್ಕೆ ಸಾವಿರದ ನೆಲೆ. ಪದಾರ್ಥಕ್ಕೆ ಅನುಕೂಲವಾದ ಪ್ರಮಾಣವನ್ನು ಹಿಡಿದು, ಅದನ್ನು ಸ್ಪಷ್ಟವಾಗಿ ಹೇಳಿ, ಆಮೇಲೆ ಲೆಕ್ಕಕ್ಕೆ ತೊಡಗುವುದೇ ಆ ಕಾಲದ ಪದ್ಧತಿಯಾಗಿತ್ತೆಂದು ಇದರಿಂದ ಕಾಣಬರುತ್ತದೆ.

೩

ಅರಮನೆಯ ಲೆಕ್ಕವು ಹೀಗಿರಲು, ಸಂತೆಯ ಮತ್ತು ಮನೆಯ ಲೆಕ್ಕವು ಇನ್ನೊಂದು ಜಾಡಿನಲ್ಲಿ ನಡೆಯುತ್ತಿದ್ದಿತು. ಕನ್ನಡದ ಅಚ್ಚ ಭಿನ್ನರಾಶಿಗಳು ಅರೆ, ಕಾಲು, ಮುಕ್ಕಾಲು, ಅರೆಕಾಲು, ವೀಸ, ಕಾಣಿ ಎಂಬವು. ಕಾಲೆಂದರೆ ನಾಲ್ಕರಲ್ಲೊಂದು, ಕಾಲಿನ ಕಾಲು ವೀಸ, ಅಂದರೆ ಹದಿನಾರರಲ್ಲೊಂದು, ವೀಸದ ಕಾಲು ಕಾಣಿ, ಅಂದರೆ ಅರವತ್ತನಾಲ್ಕರಲ್ಲೊಂದು. ಹಣದ ಕಾಲುಭಾಗಕ್ಕೆ ಹಾಗವೆಂಬ ಹೆಸರು ಶಾಸನಗಳಲ್ಲಿಯೂ ಉಂಟು. ಈ ಶ್ರೇಣಿಯು ಹತ್ತು ನೂರುಗಳಿಂದ ಇಳಿಯದೆ ನಾಲ್ಕು ನಾಲ್ಕರಿಂದ ಇಳಿಯುತ್ತದೆ. ಒಂದು ರಾಶಿಯನ್ನು ಕಣ್ಣಳತೆಯಿಂದ ಎರಡು ಮಾಡಿ, ಅದನ್ನು ಪುನಃ ಎರಡು ಮಾಡುವ ಕೈಗೆ ಇದೇ ಸಹಜವಾದ ಕ್ರಮ.

ಇಂತಹ ಲೆಕ್ಕವನ್ನು ಮಕ್ಕಳಿಗೆ ಹೇಗೆ ಕಲಿಸುತ್ತಿದ್ದರೆಂಬುದಕ್ಕೆ ಮಲೆನಾಡಿಗೆ ಹೊರಗಿನದಾದರೂ ಕನ್ನಡನಾಡಿನದೇ ಆದ ಒಂದು ಸಾಕ್ಷ್ಯವಿದೆ. ಬಳ್ಳಾರಿಯ ಕಲೆಕ್ಟರರಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬವರು ೧೮೨೩ರಲ್ಲಿ ತಮ್ಮ ಜಿಲ್ಲೆಯ ನಾಡಶಾಲೆಗಳನ್ನು ಕುರಿತು ಮದರಾಸಿನ ಸರ್ಕಾರಕ್ಕೆ ಒಂದು ವರದಿಯನ್ನು ಕಳುಹಿಸಿದರು. ಕನ್ನಡ ಮತ್ತು ತೆಲುಗುಗಳನ್ನು ಕಲಿಸುವ ಶಾಲೆಗಳೇ ಹೆಚ್ಚಾಗಿದ್ದ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರೆಂದು ಅವರು ಬರೆದಿದ್ದಾರೆ. ಒಂದರ ಭಾಗಗಳನ್ನು ಕಲಿಸುವುದರಲ್ಲಿ ಉಪಾಧ್ಯಾಯರು ಬಹಳ ಶ್ರಮವನ್ನು ವಹಿಸುತ್ತಿದ್ದರೆಂದೂ, ಆ ಭಾಗಗಳು ಹತ್ತು ಹತ್ತಾಗಿ ಇಳಿಯದೆ ನಾಲ್ಕು ನಾಲ್ಕಾಗಿ ಬಹುದೂರದವರೆಗೆ ಇಳಿಯುತ್ತಿದ್ದವೆಂದೂ, ದಿನಕ್ಕೆ ಎರಡು ಬಾರಿ ಮಕ್ಕಳು ಸಾಲಾಗಿ ನಿಂತು ಮಗ್ಗಿಗಳನ್ನೂ ಅಳತೆ ತೂಕಗಳನ್ನೂ ಒಪ್ಪಿಸುತ್ತಿದ್ದರೆಂದೂ ಅದೇ ವರದಿಯಿಂದ ತಿಳಿಯುತ್ತದೆ. ಕಾಲು, ವೀಸ, ಕಾಣಿಗಳ ಶ್ರೇಣಿಯೇ ಇದೆಂಬುದು ಸ್ಪಷ್ಟ.

ಆದರೆ ಹಿಂದಿನದೆಲ್ಲವೂ ಚಿನ್ನವಾಗಿತ್ತೆಂದು ಹೇಳಲಾಗದು. ಕಾವ್ಯಭಾಗಗಳನ್ನು ಅರ್ಥವರಿಯದೆ ಗಿಣಿಯಂತೆ ಒಪ್ಪಿಸುವುದನ್ನು ಕ್ಯಾಂಬೆಲರೇ ಖಂಡಿಸಿದ್ದಾರೆ. ಆ ೬,೬೪೧ ಮಕ್ಕಳಲ್ಲಿ ಹೆಣ್ಣುಮಕ್ಕಳು ೬೦ ಮಾತ್ರ. ನೂರಕ್ಕೆ ಒಬ್ಬಳೂ ಪೂರ್ತಿಯಾಗಿ ಬೀಳುವುದಿಲ್ಲ. ಆದುದರಿಂದ ಹಳೆಯ ಪದ್ಧತಿಯಲ್ಲಿ ಉಳಿಸಿಕೊಳ್ಳಬೇಕಾದುದು ಕಂಠಪಾಠವಲ್ಲ, ಆ ಕಂಠಪಾಠದ ಹಿಂದೆ ಇದ್ದ ವಿಚಾರ. ಅದು ಯಾವುದೆಂಬುದನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕಬೇಕು.

೪

ಕನ್ನಡನಾಡಿನ ಗಣಿತಗ್ರಂಥಗಳಲ್ಲಿ ಅಗ್ರಸ್ಥಾನವು ಮಹಾವೀರಾಚಾರ್ಯನ ಗಣಿತಸಾರಸಂಗ್ರಹಕ್ಕೆ ಸಲ್ಲತಕ್ಕದ್ದು. ಈತನು ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ವಿದ್ವಾಂಸನು. ಗ್ರಂಥಾರಂಭದಲ್ಲಿ ಆ ಅರಸನನ್ನು ಸ್ತುತಿಸಿದ್ದಾನೆ. ಸಂಸ್ಕೃತದಲ್ಲಿರುವ ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಮಲೆನಾಡಿನದೇ ಆದ ಹೊಂಬುಜದ ಜೈನಮಠದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವು ೨೦೦೦ದಲ್ಲಿ ಹೊರಬಂದಿತು.

ಈ ಗ್ರಂಥದಲ್ಲಿ ಭಿನ್ನರಾಶಿಗಳ ಅಧ್ಯಾಯಕ್ಕೆ ‘ಕಲಾಸವರ್ಣ’ವೆಂದು ಹೆಸರು. ಕಲೆಯೆಂದರೆ ಅಂಶ, ಚಂದ್ರನ ಹದಿನಾರರಲ್ಲೊಂದು ಭಾಗಕ್ಕೆ ಆ ಶಬ್ದವು ಪ್ರಸಿದ್ಧವಾಗಿದೆ. ಸವರ್ಣವೆಂದರೆ ಒಂದೇ ಬಣ್ಣಕ್ಕೆ ತರುವುದು, ಅಂದರೆ ಬೇರೆ ಬೇರೆ ಛೇದಗಳುಳ್ಳ ಅಂಶಗಳನ್ನು ಸಮಾನ ಛೇದಕ್ಕೆ ತರುವುದು. ಅದಕ್ಕಾಗಿ ಛೇದಗಳ ಲಘುತಮವನ್ನು ಕಂಡುಹಿಡಿಯುವ ವಿಧಾನವನ್ನೂ ಮಹಾವೀರನು ‘ನಿರುದ್ಧ’ವೆಂಬ ಹೆಸರಿನಿಂದ ಹೇಳಿದ್ದಾನೆ. ಭಾಗ, ಪ್ರಭಾಗ, ಭಾಗಭಾಗ, ಭಾಗಾನುಬಂಧ, ಭಾಗಾಪವಾಹ, ಭಾಗಮಾತೃ ಎಂದು ಭಿನ್ನರಾಶಿಗಳಿಗೆ ಆರು ಜಾತಿಗಳನ್ನು ಎಣಿಸಿದ್ದಾನೆ. ಇವುಗಳಲ್ಲಿ ಪ್ರಭಾಗವೆಂದರೆ ಭಾಗದ ಭಾಗ. ಭಾಗಾನುಬಂಧವು ಭಾಗವನ್ನು ಕೂಡಿಕೊಂಡ ರಾಶಿ. ಭಾಗಾಪವಾಹವು ಭಾಗವನ್ನು ಕಳೆದುಕೊಂಡ ರಾಶಿ.

ವಾಕ್ಯರೂಪವಾದ ಲೆಕ್ಕಗಳನ್ನು ಆತನು ಪ್ರಕೀರ್ಣಕವೆಂಬ ಮುಂದಿನ ಅಧ್ಯಾಯದಲ್ಲಿ ಜಾತಿ ಜಾತಿಯಾಗಿ ವಿಂಗಡಿಸಿದ್ದಾನೆ. ಅವುಗಳಲ್ಲಿ ಮೊದಲ ಎರಡು ಭಾಗಜಾತಿ ಮತ್ತು ಶೇಷಜಾತಿ. ಹೇಳಿದ ಭಾಗಗಳೆಲ್ಲವೂ ಮೊದಲ ರಾಶಿಗೇ ಸಂಬಂಧಿಸಿದ್ದರೆ ಅದು ಭಾಗಜಾತಿ. ಒಂದು ಭಾಗವನ್ನು ತೆಗೆದಮೇಲೆ ಉಳಿದುದಕ್ಕೆ ಮುಂದಿನ ಭಾಗವು ಸಂಬಂಧಿಸಿದ್ದರೆ ಅದು ಶೇಷಜಾತಿ. ಅಂದರೆ, ಲೆಕ್ಕವನ್ನು ಬಿಡಿಸುವುದಕ್ಕೆ ಮೊದಲೇ ಅದರ ನೆಲೆ ಯಾವುದೆಂದು ಹೆಸರಿಟ್ಟು ಕರೆಯತಕ್ಕದ್ದೆಂಬುದು ಆಚಾರ್ಯನ ಅಭಿಪ್ರಾಯ.

ಈ ಸೀಮೆಗೆ ತಕ್ಕ ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಒಬ್ಬ ತೋಟಗಾರನು ತನ್ನ ಅಡಕೆಯಲ್ಲಿ ಕಾಲುಭಾಗವನ್ನು ಕೊನೆ ತೆಗೆದವರಿಗೂ ಸುಲಿದವರಿಗೂ ಕೊಟ್ಟನು; ಉಳಿದುದರಲ್ಲಿ ಮೂರರಲ್ಲೊಂದನ್ನು ಸಾಲಗಾರನಿಗೆ ಕೊಟ್ಟನು; ಅದರಿಂದ ಉಳಿದುದರಲ್ಲಿ ಅರ್ಧವನ್ನು ಅಕ್ಕಿಗಾಗಿ ಮಾರಿದನು; ಕೊನೆಗೆ ೬ ಮಣ ಉಳಿಯಿತು. ಮೊದಲು ಇದ್ದುದೆಷ್ಟು? ಭಾಗಗಳೆಲ್ಲವನ್ನೂ ಮೊದಲ ರಾಶಿಗೇ ಹಚ್ಚುವವನು ಕಾಲು, ಮೂರರಲ್ಲೊಂದು, ಅರ್ಧ ಇವುಗಳನ್ನು ಕೂಡಿಸಿದರೆ ಹನ್ನೆರಡರಲ್ಲಿ ಹದಿಮೂರು ಬರುತ್ತದೆ. ಇದ್ದುದಕ್ಕಿಂತ ಕೊಟ್ಟುದೇ ಹೆಚ್ಚಾಗುವುದರಿಂದ ಇದು ಅಸಂಭವ. ಶೇಷಜಾತಿಯ ಕ್ರಮದಲ್ಲಿ ಪ್ರತಿಯೊಂದು ಭಾಗವನ್ನೂ ಒಂದರಿಂದ ಕಳೆದರೆ ಮುಕ್ಕಾಲು, ಮೂರರಲ್ಲೆರಡು, ಅರ್ಧ ಉಳಿಯುತ್ತವೆ. ಇವುಗಳನ್ನು ಒಂದರಿಂದೊಂದು ಗುಣಿಸಿದರೆ ಕಾಲು ಬರುತ್ತದೆ. ಕಣ್ಣಿಗೆ ಕಾಣುವ, ಆದುದರಿಂದಲೇ ‘ದೃಶ್ಯ’ವೆನಿಸುವ ೬ ಮಣವನ್ನು ಈ ಕಾಲಿನಿಂದ ಭಾಗಿಸಿದರೆ ೨೪ ಮಣ. ತಾಳೆ ನೋಡಿದರೆ ೨೪ರಲ್ಲಿ ೬ ಹೋಗಿ ೧೮, ಅದರಲ್ಲಿ ೬ ಹೋಗಿ ೧೨, ಅದರಲ್ಲಿ ೬ ಹೋಗಿ ೬. ಮೂರು ಬಾರಿ ಕೊಟ್ಟುದೂ ಆರಾರು ಮಣವೇ. ಭಾಗದ ಹೆಸರುಗಳು ಮಾತ್ರ ಬೇರೆ ಬೇರೆ. ನೆಲೆಯು ಬದಲಾದಂತೆ ಭಾಗದ ಹೆಸರೂ ಬದಲಾಗುತ್ತದೆಂಬ ತತ್ತ್ವವು ಇದಕ್ಕಿಂತ ಸುಲಭವಾಗಿ ಮನಸ್ಸಿಗೆ ಹತ್ತಲಾರದು.

೫

ಇನ್ನು ‘ನೂರಕ್ಕೆ’ ಎಂಬ ಮಾತನ್ನು ವಿಚಾರಿಸಬೇಕು. ಶೇಕಡಾ ಎಂಬ ಶಬ್ದವು ಮರಾಠಿಯಲ್ಲಿಯೂ ಬಳಕೆಯಲ್ಲಿರುವ ಲೆಕ್ಕಪತ್ರದ ಮಾತು. ಅದನ್ನು ನೋಡಿ, ವಿಷಯವೂ ಇತ್ತೀಚಿನದೆಂದು ಭಾವಿಸುವವರುಂಟು. ಆದರೆ ಪಾಣಿನಿಯ ವ್ಯಾಕರಣದಲ್ಲಿಯೇ ಇದಕ್ಕೆ ಆಧಾರವಿದೆ. ಒಂದು ಮೊತ್ತದಲ್ಲಿ ಐದು ಸಲ್ಲತಕ್ಕದ್ದಾಗಿದ್ದರೆ ಆ ಮೊತ್ತವನ್ನು ‘ಪಂಚಕ’ವೆಂದು ಕರೆಯಲು ಐದನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಸೂತ್ರವಿದೆ. ಹಾಗೆ ಸಲ್ಲುವುದು ಯಾವ ಯಾವ ರೂಪದಲ್ಲಿ ಎಂಬುದನ್ನೂ ಸೂತ್ರಕಾರನೇ ಎಣಿಸಿದ್ದಾನೆ. ವೃದ್ಧಿ, ಆಯ, ಲಾಭ, ಶುಲ್ಕ, ಉಪದಾ ಎಂದು ಅವು ಐದು. ಕಾಶಿಕಾವೃತ್ತಿಯನ್ನು ಅನುಸರಿಸಿ ಹೇಳುವುದಾದರೆ, ವೃದ್ಧಿಯು ಸಾಲಗಾರನು ಮೂಲಧನಕ್ಕಿಂತ ಹೆಚ್ಚಾಗಿ ಕೊಡುವ ಬಡ್ಡಿ. ಆಯವು ಗ್ರಾಮಾದಿಗಳಲ್ಲಿ ಒಡೆಯನು ತೆಗೆದುಕೊಳ್ಳುವ ಪಾಲು. ಲಾಭವು ಕೊಂಡ ಬೆಲೆಗಿಂತ ಹೆಚ್ಚಾಗಿ ಬಂದ ದ್ರವ್ಯ. ಶುಲ್ಕವು ರಕ್ಷಣೆಗಾಗಿ ರಾಜನಿಗೆ ಸಲ್ಲುವ ಭಾಗ. ಉಪದಾ ಎಂಬುದು ಲಂಚ.

ಕೊನೆಯದನ್ನು ಬಿಟ್ಟರೆ ಇಂದಿನ ಪಠ್ಯಪುಸ್ತಕಗಳಲ್ಲಿ ಶೇಕಡಾ ಲೆಕ್ಕಗಳಿಗೆ ಇರುವ ಶೀರ್ಷಿಕೆಗಳೇ ಇವು. ಬಡ್ಡಿ, ಗೇಣಿ, ಲಾಭ, ತೆರಿಗೆ ಇವೆಲ್ಲವೂ ಒಂದೇ ಪ್ರತ್ಯಯದ ಕೆಳಗೆ ಬಂದುದರಿಂದ, ಲೆಕ್ಕದ ದೃಷ್ಟಿಯಿಂದ ಇವು ಒಂದೇ ಎಂಬ ತಿಳಿವಳಿಕೆಯು ಬಹು ಪ್ರಾಚೀನವೆಂದು ಸಿದ್ಧವಾಗುತ್ತದೆ. ಲಾಭದ ಲಕ್ಷಣವನ್ನು ಹೇಳುವಾಗ ‘ಕೊಂಡ ಬೆಲೆಗಿಂತ’ ಎಂಬ ನೆಲೆಯನ್ನೂ, ವೃದ್ಧಿಯ ಲಕ್ಷಣದಲ್ಲಿ ‘ಮೂಲಧನಕ್ಕಿಂತ’ ಎಂಬ ನೆಲೆಯನ್ನೂ ವೃತ್ತಿಕಾರರು ಬಿಡದೆ ಹೇಳಿರುವುದು ವಿಶೇಷವಾಗಿ ಗಮನಾರ್ಹ. ಲಾಭದ ನೂರನ್ನು ಮಾರಿದ ಬೆಲೆಯ ಮೇಲೆ ಎಣಿಸುವ ವಿದ್ಯಾರ್ಥಿಯು ಗಣಿತದಲ್ಲಿ ಮಾತ್ರವಲ್ಲದೆ ಶಬ್ದಾರ್ಥದಲ್ಲಿಯೂ ತಪ್ಪಿದಂತಾಯಿತು.

ಧರ್ಮಶಾಸ್ತ್ರದಲ್ಲಿಯೂ ಹೀಗೆಯೇ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಅಡವಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಬಡ್ಡಿಯೆಂದು ವಿಧಿಸಿದೆ. ಅಡವಿಲ್ಲದ ಸಾಲಕ್ಕೆ ವರ್ಣಕ್ರಮವನ್ನು ಅನುಸರಿಸಿ ನೂರಕ್ಕೆ ಎರಡು, ಮೂರು, ನಾಲ್ಕು, ಐದು ಎಂದಿದೆ. ಒಂದೇ ಸಾಲಕ್ಕೆ ಹುಟ್ಟನ್ನು ನೋಡಿ ಬೇರೆ ಬೇರೆ ಬಡ್ಡಿಯನ್ನು ಕಟ್ಟಿದ ಈ ಭೇದವು ಇಂದಿನ ನ್ಯಾಯಕ್ಕೆ ಒಪ್ಪತಕ್ಕದ್ದಲ್ಲ. ಗಣಿತದ ಮಟ್ಟಿಗೆ ನೋಡುವುದಾದರೆ, ಒಂದೇ ಪ್ರಕರಣದಲ್ಲಿ ಒಂದು ಕಡೆ ಭಾಗದ ಮಾತೂ ಮತ್ತೊಂದು ಕಡೆ ನೂರರ ಮಾತೂ ಬಂದಿವೆ. ಎಂಬತ್ತರಲ್ಲೊಂದೆಂದರೆ ನೂರಕ್ಕೆ ಒಂದೂಕಾಲು. ಹನ್ನೆರಡು ತಿಂಗಳಿಗೆ ಹದಿನೈದು. ಎರಡು ಮಾತುಗಳೂ ಪರಸ್ಪರ ಅನುವಾದಗಳೇ ಹೊರತು ಬೇರೆ ಬೇರೆ ವಿದ್ಯೆಗಳಲ್ಲ.

ಈ ಅನುವಾದವನ್ನು ಮಾಡಿಕೊಡುವ ಸಾಧನವೇ ತ್ರೈರಾಶಿಕ. ಪ್ರಮಾಣ, ಫಲ, ಇಚ್ಛಾ ಎಂಬ ಮೂರು ರಾಶಿಗಳಲ್ಲಿ ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ ಇಚ್ಛಾಫಲವು ಬರುತ್ತದೆ. ಕ್ರಿ. ಶ. ೪೯೯ರ ಆರ್ಯಭಟೀಯದಲ್ಲಿಯೇ ಇದನ್ನು ಹೇಳಿದೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ಕಾಲದಲ್ಲಿದ್ದ, ಪೂವಿನಬಾಗೆಯ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳಿಂದ ಗಣಿತವನ್ನು ಕನ್ನಡದಲ್ಲಿ ಹೇಳಿದವರಲ್ಲಿ ಮೊದಲಿಗನೆಂದು ಪ್ರಸಿದ್ಧನಾಗಿದ್ದಾನೆ. ತ್ರೈರಾಶಿಯೇ ಮೊದಲಾಗಿ ಪಂಚರಾಶಿ, ಸಪ್ತರಾಶಿ, ನವರಾಶಿಗಳವರೆಗೆ ಸಹಜ ಮತ್ತು ವ್ಯಸ್ತ ಎಂಬ ಭೇದಗಳೊಡನೆ ಆತನು ವಿವರಿಸಿದ್ದಾನೆ. ಸಂಸ್ಕೃತವನ್ನರಿಯದ ಕರಣಿಕನಿಗೂ ವ್ಯಾಪಾರಿಗೂ ಈ ವಿದ್ಯೆಯು ಇದರಿಂದ ಸುಲಭವಾಯಿತು.

ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿಯಂತೆ ೨,೪೦೦ ರೂಪಾಯಿಗೆ ೮ ತಿಂಗಳಲ್ಲಿ ಬಡ್ಡಿ ಎಷ್ಟು ಎಂಬ ಲೆಕ್ಕವು ಪಂಚರಾಶಿಗೆ ಸೇರುತ್ತದೆ. ಒಂದು ಪಕ್ಷದಲ್ಲಿ ನೂರು, ಒಂದು ತಿಂಗಳು, ಒಂದೂವರೆ. ಮತ್ತೊಂದು ಪಕ್ಷದಲ್ಲಿ ೨,೪೦೦, ಎಂಟು ತಿಂಗಳು. ೨,೪೦೦ನ್ನು ಎಂಟರಿಂದಲೂ ಒಂದೂವರೆಯಿಂದಲೂ ಗುಣಿಸಿದರೆ ೨೮,೮೦೦. ಅದನ್ನು ನೂರರಿಂದ ಭಾಗಿಸಿದರೆ ೨೮೮ ರೂಪಾಯಿ. ಇಲ್ಲಿ ನೂರೆಂಬುದು ಪ್ರಮಾಣಸ್ಥಾನದಲ್ಲಿ ಕುಳಿತ ಒಂದು ಸಂಖ್ಯೆಯೇ ಹೊರತು ಬೇರೆಯಲ್ಲ. ಅದರ ಸ್ಥಾನದಲ್ಲಿ ಶಿವಪ್ಪನಾಯಕನ ಸಾವಿರವನ್ನೋ ಸ್ಮೃತಿಯ ಎಂಬತ್ತನ್ನೋ ಇಟ್ಟರೂ ಕ್ರಮವು ಬದಲಾಗುವುದಿಲ್ಲ.

೬

ಪರೀಕ್ಷೆಗಳಲ್ಲಿ ಪದೇ ಪದೇ ಬರುವ ಒಂದು ಪ್ರಶ್ನೆಯು ಹೀಗಿದೆ: ಒಂದು ಪದಾರ್ಥದ ಬೆಲೆಯು ನೂರಕ್ಕೆ ಇಪ್ಪತ್ತೈದು ಏರಿದರೆ, ಪುನಃ ಮೊದಲ ಬೆಲೆಗೆ ಬರಲು ನೂರಕ್ಕೆ ಎಷ್ಟು ಇಳಿಯಬೇಕು? ಇಪ್ಪತ್ತೈದೆಂದು ಉತ್ತರಿಸುವವರು ಬಹಳ. ಸರಿಯಾದ ಉತ್ತರವು ಇಪ್ಪತ್ತು.

ಭಾಸ್ಕರಾಚಾರ್ಯನು ೧೧೫೦ರ ಸುಮಾರಿನಲ್ಲಿ ರಚಿಸಿದ ಲೀಲಾವತಿಯ ವಿಲೋಮವಿಧಿಯಲ್ಲಿ ಇದಕ್ಕೆ ನೇರವಾದ ನಿಯಮವಿದೆ. ರಾಶಿಯು ತನ್ನದೇ ಅಂಶದಿಂದ ಹೆಚ್ಚಿದ್ದರೆ ಹರಕ್ಕೆ ಅಂಶವನ್ನು ಕೂಡಿಸಬೇಕು. ಕಡಮೆಯಾಗಿದ್ದರೆ ಹರದಿಂದ ಅಂಶವನ್ನು ಕಳೆಯಬೇಕು. ಅಂಶವು ಇದ್ದಂತೆಯೇ ಇರುತ್ತದೆ. ಹೀಗೆ ಬಂದ ಭಾಗವನ್ನು ಹೆಚ್ಚಿದ್ದಲ್ಲಿ ಕಳೆದು, ಕಡಮೆಯಾದಲ್ಲಿ ಕೂಡಿಸಬೇಕೆಂಬುದು ಅದರ ತಾತ್ಪರ್ಯ. ಇಪ್ಪತ್ತೈದೆಂದರೆ ಕಾಲು, ಅಂದರೆ ನಾಲ್ಕರಲ್ಲೊಂದು. ಹರವಾದ ನಾಲ್ಕಕ್ಕೆ ಅಂಶವಾದ ಒಂದನ್ನು ಕೂಡಿಸಿದರೆ ಐದು. ಆದುದರಿಂದ ಐದರಲ್ಲೊಂದು ಇಳಿಯಬೇಕು, ಅದೇ ನೂರಕ್ಕೆ ಇಪ್ಪತ್ತು. ಹತ್ತರಲ್ಲೊಂದು ಏರಿದರೆ ಹನ್ನೊಂದರಲ್ಲೊಂದು ಇಳಿಯಬೇಕು. ಐದರಲ್ಲೊಂದು ಇಳಿದರೆ ನಾಲ್ಕರಲ್ಲೊಂದು ಏರಬೇಕು. ಕಾಗದ ಲೇಖನಿಗಳಿಲ್ಲದೆ ಬಾಯಲ್ಲಿಯೇ ಬರುವ ಲೆಕ್ಕವಿದು. ಇದರ ಕಾರಣವೂ ಗೂಢವಲ್ಲ. ಏರುವಾಗ ನೆಲೆಯು ನಾಲ್ಕು ಪಾಲಾಗಿತ್ತು. ಏರಿದಮೇಲೆ ಅದೇ ಅಳತೆಯ ಐದು ಪಾಲಾಯಿತು. ಕಳೆಯಬೇಕಾದುದು ಆ ಐದರಲ್ಲಿ ಒಂದು ಪಾಲನ್ನು.

ಕಾಲು ಏರಿ, ಪುನಃ ಕಾಲು ಇಳಿದರೆ ಏನಾಗುವುದೆಂಬುದು ಇದರ ಜೊತೆಯ ಪ್ರಶ್ನೆ. ಅಡಕೆಯ ಬೆಲೆಯು ೧೬೦ ಇದ್ದುದು ಕಾಲುಭಾಗ ಏರಿ ೨೦೦ ಆಯಿತು. ಆಮೇಲೆ ಕಾಲುಭಾಗ ಇಳಿದು ೧೫೦ ಆಯಿತು. ನಷ್ಟವು ಹತ್ತು, ಅದು ೧೬೦ರಲ್ಲಿ ಹದಿನಾರರಲ್ಲೊಂದು, ಅಂದರೆ ಸರಿಯಾಗಿ ಒಂದು ವೀಸ. ಮಹಾವೀರನ ಮಾತಿನಲ್ಲಿ ಹೇಳುವುದಾದರೆ ಇದು ಪ್ರಭಾಗ. ಕಾಲಿನ ಕಾಲು ವೀಸವೆಂಬ ಕನ್ನಡದ ಮಗ್ಗಿಯೇ ಇದರ ಉತ್ತರ. ಶೇಕಡಾ ಭಾಷೆಯಲ್ಲಿ ಇದನ್ನು ಆರೂಕಾಲು ಎಂದು ಬರೆಯಬೇಕಾಗುತ್ತದೆ. ವೀಸಕ್ಕೆ ಆರೂಕಾಲು, ಅರೆಕಾಲಿಗೆ ಹನ್ನೆರಡೂವರೆ, ಕಾಲಿಗೆ ಇಪ್ಪತ್ತೈದು, ಅರೆಗೆ ಐವತ್ತು, ಮುಕ್ಕಾಲಿಗೆ ಎಪ್ಪತ್ತೈದು ಎಂಬ ಐದು ಸಮೀಕರಣಗಳನ್ನು ಬಲ್ಲ ಮಗುವಿಗೆ ಪರೀಕ್ಷೆಯ ಅನೇಕ ಲೆಕ್ಕಗಳು ಬಾಯಿಲೆಕ್ಕಗಳಾಗುತ್ತವೆ. ಇವುಗಳಿಗೆ ಮೂರರಲ್ಲೊಂದೆಂದರೆ ಮೂವತ್ತಮೂರೂ ಮೂರರಲ್ಲೊಂದು ಎಂಬುದನ್ನು ಸೇರಿಸಿಕೊಂಡರೆ ಶಿವಪ್ಪನಾಯಕನ ಪಾಲೂ ಒಳಗಾಯಿತು.

೭

ಹೀಗೆ ಭಾಗವೂ ನೂರೂ ಒಂದೇ ವಿದ್ಯೆಯ ಎರಡು ಮಾತುಗಳಾಗಿದ್ದುದು ಬೇರೆಬೇರೆಯಾದುದು ಹೇಗೆಂಬುದನ್ನೂ ಸಂಕ್ಷೇಪವಾಗಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಶಾಲೆಗಳ ಸ್ವರೂಪವೇ ಬದಲಾಯಿತು. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ ಅವರು ೧೮೬೮ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ಹಳ್ಳಿಯ ಮಕ್ಕಳಿಗೂ ಸರ್ಕಾರದ ವಿದ್ಯಾಭ್ಯಾಸವು ದೊರೆಯುವಂತಾಯಿತು; ಇದು ದೊಡ್ಡ ಉಪಕಾರ. ಆದರೆ ಇಂಗ್ಲಿಷ್ ಮಾದರಿಯ ಅಂಕಗಣಿತದ ಪುಸ್ತಕಗಳಲ್ಲಿ ಭಿನ್ನರಾಶಿ, ದಶಮಾಂಶ, ತ್ರೈರಾಶಿ, ಬಡ್ಡಿ, ಲಾಭನಷ್ಟ, ಶೇಕಡಾ ಇವೆಲ್ಲವೂ ಪ್ರತ್ಯೇಕ ಪ್ರಕರಣಗಳಾಗಿ, ಒಂದೊಂದಕ್ಕೂ ಒಂದೊಂದು ಸೂತ್ರವು ಏರ್ಪಟ್ಟಿತು. ಪಾಣಿನಿಯು ಒಂದೇ ಪ್ರತ್ಯಯದಲ್ಲಿ ಹಿಡಿದುದು ನಾಲ್ಕು ಸೂತ್ರಗಳಾಗಿ ಮಕ್ಕಳ ತಲೆಯನ್ನು ಸೇರಿತು.

ನಾಣ್ಯದಲ್ಲಿಯೂ ಬದಲಾವಣೆಯಾಯಿತು. ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆಗಳಿದ್ದಷ್ಟು ಕಾಲ ಕನ್ನಡದ ಭಾಗಶ್ರೇಣಿಗೂ ಜೇಬಿನ ಹಣಕ್ಕೂ ಪೂರ್ಣವಾದ ಹೊಂದಿಕೆಯಿತ್ತು. ರೂಪಾಯಿಯ ವೀಸವೇ ಆಣೆ, ರೂಪಾಯಿಯ ಕಾಣಿಯೇ ಪೈಸೆ. ೧೯೫೭ನೆಯ ಏಪ್ರಿಲ್ ೧ರಂದು ರೂಪಾಯಿಯು ನೂರು ನಯಾಪೈಸೆಗಳಾಯಿತು. ಅಂದಿನಿಂದ ನೂರರ ಲೆಕ್ಕವು ಸುಲಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೂರು ಎಲ್ಲೆಲ್ಲಿಯೂ ತಾನೇ ಇರುವುದರಿಂದ, ಅದು ಯಾವುದರ ನೂರೆಂದು ಕೇಳುವ ಅಭ್ಯಾಸವು ಸಡಿಲವಾಗುವುದಕ್ಕೂ ಅವಕಾಶವಾಯಿತು. ಕಾಲು ಎಂದೊಡನೆ ಯಾವುದರ ಕಾಲು ಎಂಬ ಪ್ರಶ್ನೆಯು ತಾನಾಗಿಯೇ ಹುಟ್ಟುತ್ತದೆ. ಇಪ್ಪತ್ತೈದು ಶೇಕಡಾ ಎಂದಾಗ ಅದೊಂದು ಸ್ವತಂತ್ರ ಸಂಖ್ಯೆಯಂತೆ ತೋರುತ್ತದೆ. ಭೇದವಿರುವುದು ಇಷ್ಟರಲ್ಲಿಯೇ.

ವಿದ್ಯಾರ್ಥಿವೇತನದ ನಿಯಮಗಳಲ್ಲಿಯೇ ಇದಕ್ಕೆ ಉದಾಹರಣೆಯುಂಟು. ಪರೀಕ್ಷೆಗೆ ಕೂಡಲು ಏಳನೆಯ ತರಗತಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ೫೫ ಅಂಕಗಳು ಬೇಕು. ಪರೀಕ್ಷೆಯಲ್ಲಿ ಅರ್ಹತೆಯನ್ನು ಪಡೆಯಲು ನೂರಕ್ಕೆ ೪೦, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮಕ್ಕಳಿಗೆ ನೂರಕ್ಕೆ ೩೨ ಬೇಕು. ಈ ನಲವತ್ತರ ನೆಲೆಯು ಎರಡು ಪತ್ರಿಕೆಗಳೂ ಕೂಡಿದ ೧೮೦ ಅಂಕಗಳು. ಆದುದರಿಂದ ಬೇಕಾದುದು ೭೨. ಮೂವತ್ತೆರಡರಂತೆ ಎಣಿಸಿದರೆ ಐವತ್ತೇಳೂ ಐದರಲ್ಲಿ ಮೂರು ಬರುತ್ತದೆ. ಒಂದು ಪ್ರಶ್ನೆಗೆ ಒಂದೇ ಅಂಕವಾದುದರಿಂದ ೫೭ ಸಾಲದು, ೫೮ ಬೇಕು. ಐವತ್ತೈದರ ನೆಲೆಯಾದರೋ ಬೇರೊಂದು ವರ್ಷದ ಬೇರೊಂದು ಪರೀಕ್ಷೆ. ಮೂರು ಶೇಕಡಾಗಳನ್ನೂ ಒಂದೇ ನೆಲೆಯ ಮೇಲೆ ಇಟ್ಟು ಹೋಲಿಸುವುದು ಅಸಂಗತ.

ಆದುದರಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಶಾಲೆಗಳಲ್ಲಿ ಮಕ್ಕಳನ್ನು ಈ ಪರೀಕ್ಷೆಗೆ ಸಿದ್ಧಗೊಳಿಸುವ ಉಪಾಧ್ಯಾಯರು ಹೊಸ ಸೂತ್ರಗಳನ್ನು ಹುಡುಕಬೇಕಾಗಿಲ್ಲ. ಲೆಕ್ಕವನ್ನು ಓದಿದೊಡನೆ ಮೂರು ಕೆಲಸಗಳನ್ನು ಕ್ರಮವಾಗಿ ಮಾಡಿಸಿದರೆ ಸಾಕು. ಭಾಗವು ಮೊದಲ ರಾಶಿಯದೋ ಶೇಷದ್ದೋ ಎಂದು ಜಾತಿಯನ್ನು ನಿಶ್ಚಯಿಸುವುದು ಮೊದಲನೆಯದು. ನೂರನ್ನು ಸಾಧ್ಯವಾದಲ್ಲೆಲ್ಲ ಕಾಲು, ಅರೆಕಾಲು, ಐದರಲ್ಲೊಂದು ಎಂಬ ಭಾಗದ ಮಾತಿಗೆ ತಿರುಗಿಸುವುದು ಎರಡನೆಯದು. ಬಂದ ಉತ್ತರವನ್ನು ಪುನಃ ಲೆಕ್ಕದೊಳಗೆ ಇಟ್ಟು ತಾಳೆ ನೋಡುವುದು ಮೂರನೆಯದು. ಇವುಗಳಲ್ಲಿ ಮೊದಲನೆಯದನ್ನು ಮಹಾವೀರಾಚಾರ್ಯನು ಹೆಸರಿಟ್ಟು ಕಲಿಸಿದನು. ಎರಡನೆಯದನ್ನು ಕನ್ನಡ ಭಾಷೆಯೇ ಕಲಿಸಿದೆ. ಮೂರನೆಯದು ಲೆಕ್ಕವನ್ನು ಬಲ್ಲವರೆಲ್ಲರ ಸಂಪ್ರದಾಯ. ಒಂದು ಕಾಲದಲ್ಲಿ ನೂರಕ್ಕೆ ಒಬ್ಬಳಿಗೂ ದೊರೆಯದಿದ್ದ ಈ ವಿದ್ಯೆಯು ಇಂದು ತೋಟದ ಕೂಲಿಯವನ ಮಗಳ ಮುಂದೆಯೂ ಪ್ರಶ್ನೆಪತ್ರಿಕೆಯ ರೂಪದಲ್ಲಿ ಬಂದು ನಿಂತಿದೆ. ಅವಳಿಗೆ ಸೂತ್ರವನ್ನು ಮಾತ್ರ ಕೊಟ್ಟು, ‘ಯಾವುದರಲ್ಲಿ?’ ಎಂಬ ಪ್ರಶ್ನೆಯನ್ನು ಕಲಿಸದೆ ಕಳುಹಿಸುವುದು, ಅಳೆಯುವ ಕೋಲನ್ನು ಕೈಗಿತ್ತು ತೋಟದ ಮೇರೆಯನ್ನು ತೋರಿಸದೆ ಇದ್ದಂತೆಯೇ ಸರಿ.